ಮಲಗಿದ್ದವು ಎದ್ದ ಮೇಲೆ

ಫೆಬ್ರವರಿ 4

ತಂಗೀ,

ಕ್ಷೇಮವೇ ಎಂದು ಕೇಳಿ ಕಾಗದ ಶುರುಮಾಡುವುದು ವಾಡಿಕೆ. ಈ ಸಲ ಅದನ್ನು ಬಿಡುತ್ತೇನೆ. ನಮ್ಮ ಕಡ್ಡಿಯ ಕುತ್ತಿಗೆಯಲ್ಲಿ ಎದ್ದಿದ್ದ ಗಂಟು ನೆಗಡಿಯದಲ್ಲವಂತೆ. ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್. ಇಪ್ಪತ್ತೆರಡು ವರ್ಷದ ಮಗಳ ವಿಷಯದಲ್ಲಿ ಈ ಪದ ಬರೆಯುವ ದಿನ ಬರುತ್ತದೆಂದು ಯಾರಿಗೆ ಗೊತ್ತಿತ್ತು.

ವಾಸಿಯಾಗುವ ಜಾತಿಯದು ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದರು. ಆರು ತಿಂಗಳು ನರಕ್ಕೆ ಔಷಧಿ ಹತ್ತಿಸಬೇಕು, ಕೂದಲು ಹೋಗುತ್ತದೆ ಎಂದರು. ನಿನ್ನ ಕಡ್ಡಿಯ ಬಾಯಿ ಗೊತ್ತಲ್ಲ, ಕಡ್ಡಿ ಮುರಿದ ಹಾಗೆ ಮಾತು, ಆ ಹೆಸರು ಸುಮ್ಮನೆ ಬಂದದ್ದಲ್ಲ. “ಹೋಗೋದು ಕೂದಲು ಮಾತ್ರಾನಾ, ತಲೇನೂನಾ?” ಅಂದಳು. ಡಾಕ್ಟರಮ್ಮ ನಕ್ಕರು. ನಾನು ನಗಲಿಲ್ಲ.

ಈಗ ನಿನ್ನನ್ನು ಕೇಳಬೇಕಾದ ವಿಷಯ. ಈ ಔಷಧಿ ಅಂಡಾಶಯವನ್ನೂ ಕೆಡಿಸಬಹುದಂತೆ, ಮುಂದೆ ಮಕ್ಕಳಾಗದೇ ಹೋಗಬಹುದಂತೆ. ಅದಕ್ಕೆ ಮೊದಲೇ ಹೊಟ್ಟೆಗೆ ಸಣ್ಣ ತೂತು ಮಾಡಿ, ಅಂಡಾಶಯದ ಹೊರಸಿಪ್ಪೆಯಿಂದ ಒಂದು ಚೂರು ಕತ್ತರಿಸಿ, ಬಹಳ ತಣ್ಣಗಿನ ಡಬ್ಬಿಯಲ್ಲಿ ಇಡುತ್ತಾರಂತೆ. ಬೇಕಾದಾಗ ಮತ್ತೆ ಕೂರಿಸಬಹುದಂತೆ. ನಾನು ಇಷ್ಟು ವರ್ಷ ಜನರ ಬಟ್ಟೆ ಬಿಚ್ಚಿ, ಕತ್ತರಿಸಿ, ತೇಪೆ ಹಾಕಿದವಳು. ತೆಗೆದ ತುಂಡು ಹಿಂದಿನಂತೆ ಕೂತದ್ದನ್ನು ನಾನಂತೂ ಕಂಡಿಲ್ಲ. ಅದೂ ಅಲ್ಲದೆ ಇದಕ್ಕೆಂದು ಔಷಧಿ ಹತ್ತು ಹನ್ನೆರಡು ದಿನ ತಡವಾಗುತ್ತದೆ. ಗಂಟು ನಮಗಾಗಿ ಕಾಯುತ್ತದೆಯೇ?

ಕಡ್ಡಿ ಮಾಡಿಸಲೇಬೇಕು ಅನ್ನುತ್ತಾಳೆ. ಕನ್ನಡಕದ ಅಂಗಡಿಯಲ್ಲಿ ಅವಳ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಇದ್ದಾನೆ, ಅವನ ಮುಖ ನೋಡಿಕೊಂಡು ಹೇಳುತ್ತಿದ್ದಾಳೆ. ಬೇರು ಉಳಿದರೆ ತಾನೆ ಕಾಯಿಯ ಮಾತು?

ನೀನು ಪ್ರಯೋಗಾಲಯದಲ್ಲಿ ದಿನಾ ಅಂಡಾಶಯಗಳನ್ನೇ ಸೀಳುವವಳು. ಇಲಿಯದಾದರೇನು, ಹೆಣ್ಣು ಹೆಣ್ಣೇ. ನಿನಗೆ ಕಂಡದ್ದನ್ನು ಬರೆ. ಮನೆಗೆ ಬೇಡ, ನನ್ನ ಹೊಲಿಗೆ ಅಂಗಡಿಯ ವಿಳಾಸಕ್ಕೆ. ಫೋನೂ ಬೇಡ. ನಮ್ಮ ಮನೆ ಗೊತ್ತಲ್ಲ, ಅಡುಗೆಮನೆಯಲ್ಲಿ ನಾನು ಕೆಮ್ಮಿದರೆ ಅವಳು ಹಾಸಿಗೆಯಿಂದಲೇ ನೀರು ಕುಡಿ ಅನ್ನುತ್ತಾಳೆ.

ನಿನ್ನ ಅಕ್ಕ

*

ಫೆಬ್ರವರಿ 8

ಅಕ್ಕಾ,

ನಿನ್ನ ಕಾಗದವನ್ನು ಕೆಲಸದ ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡಿದೆ. ಅಪ್ಪ ಹೋದ ಮೇಲೆ ಮನೆ ಹಂಚುವಾಗಲೂ, ನನ್ನ ಮದುವೆ ಮಾಡುವಾಗಲೂ ನನ್ನ ಅಭಿಪ್ರಾಯ ಯಾರೂ ಕೇಳಿದವರಿಲ್ಲ. ನೀನು ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. ಇಂಥ ವಿಷಯಕ್ಕೆ ಕೇಳುವಂತಾಯಿತಲ್ಲ.

ನಾನು ಓದಿದವಳಲ್ಲ, ಕಂಡದ್ದನ್ನು ಬರೆಯುತ್ತೇನೆ. ಇಲಿಯ ಅಂಡಾಶಯ ಮೆಣಸಿನ ಕಾಳಿಗಿಂತ ಸಣ್ಣದು. ಅದನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಸೀಳುವ ಯಂತ್ರಕ್ಕೆ ಕೊಟ್ಟು ಹಿಡಿ ತಿರುಗಿಸುತ್ತೇನೆ. ಸೀಳುಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಬರುತ್ತವೆ. ಬೆಚ್ಚಗಿನ ನೀರಿನ ಮೇಲೆ ತೇಲಿಸಿ ಗಾಜಿನ ಪಟ್ಟಿಯ ಮೇಲೆ ಎತ್ತಿಕೊಳ್ಳಬೇಕು. ಜೋರಾಗಿ ಉಸಿರು ಬಿಟ್ಟರೂ ಮುದುಡುತ್ತವೆ. ಆಮೇಲೆ ಬಣ್ಣ ಹಾಕಿದರೆ ಕೆಲವು ಭಾಗ ನೇರಳೆ, ಕೆಲವು ಗುಲಾಬಿ. ಮೊಟ್ಟೆಗಳ ಲೆಕ್ಕ ಹಾಕುವುದು ಇಲ್ಲಿ ಸಂಶೋಧನೆ ಮಾಡುವ ಗಡ್ಡದವನ ಕೆಲಸ. ಆದರೆ ಪಟ್ಟಿ ಸರಿಯಾಗಿದೆಯೇ ಎಂದು ಮೊದಲು ನೋಡುವವಳು ನಾನೇ.

ಹೆಣ್ಣುಮರಿ ತನ್ನ ಪಾಲಿನ ಮೊಟ್ಟೆಗಳನ್ನೆಲ್ಲ ಹೊತ್ತುಕೊಂಡೇ ಬಾಳು ಶುರುಮಾಡುತ್ತದೆ. ಆಮೇಲೆ ಹೊಸದಾಗಿ ಆಗುವುದಿಲ್ಲವಂತೆ. ಒಂದೊಂದು ಮೊಟ್ಟೆಯ ಸುತ್ತ ಚಪ್ಪಟೆಯಾದ ಕೆಲವು ಕೋಶಗಳು, ಹೊದಿಕೆ ಹೊದಿಸಿದ ಹಾಗೆ. ಅಂಡಾಶಯದ ಅಂಚಿನಲ್ಲಿ ಸಾಲಾಗಿ ಮಲಗಿರುತ್ತವೆ. ನಮ್ಮಂಥವರಲ್ಲಿ ಕೆಲವು ಮೂವತ್ತು ನಲವತ್ತು ವರ್ಷ ಹಾಗೇ ಮಲಗಿರುತ್ತವಂತೆ. ಆಗೊಂದು ಈಗೊಂದು ಏಳುತ್ತದೆ. ಅದು ಎದ್ದಿದೆ ಎಂದು ಗೊತ್ತಾಗುವುದು ಸುತ್ತಲಿನ ಕೋಶಗಳಿಂದ. ಚಪ್ಪಟೆ ಇದ್ದವು ಉಬ್ಬಿ ಚೌಕವಾಗುತ್ತವೆ, ಒಂದು ಸುತ್ತು ಇದ್ದದ್ದು ಎರಡಾಗುತ್ತದೆ, ನಡುವಿನ ಮೊಟ್ಟೆ ದಪ್ಪಗಾಗುತ್ತ ಹೋಗುತ್ತದೆ. ಒಮ್ಮೆ ಎದ್ದದ್ದು ಮತ್ತೆ ಮಲಗುವಂತಿಲ್ಲ. ಬೆಳೆದು ಹೊರಬೀಳಬೇಕು, ಇಲ್ಲವೇ ಸಾಯಬೇಕು. ಹೆಚ್ಚಿನವು ಸಾಯುತ್ತವೆ. ಇದೇ ಏಕೆ ಎದ್ದಿತು, ಪಕ್ಕದ್ದು ಏಕೆ ಏಳಲಿಲ್ಲ ಎಂಬುದನ್ನೇ ನಮ್ಮ ಮೇಡಂ ಇಷ್ಟು ವರ್ಷದಿಂದ ಹುಡುಕುತ್ತಿರುವುದು.

ಆಗ ತಾನೇ ಹುಟ್ಟಿದ ಮರಿಗಳದ್ದನ್ನು ಸೀಳುವಾಗ ನಾನು ಯಾರನ್ನು ನೆನೆಯುತ್ತೇನೆಂದು ನಿನಗೆ ಹೇಳಬೇಕಾಗಿಲ್ಲ. ಹೆಸರಿಡುವ ಮುಂಚೆ ಹೋದ ನನ್ನ ಮಗಳೂ ಅವನ್ನೆಲ್ಲ ಹೊತ್ತುಕೊಂಡೇ ಹೋದಳು. ಇರಲಿ.

ಈ ತಿಂಗಳು ನನ್ನ ಕೈಗೆ ಬರುತ್ತಿರುವುದು ಕ್ಯಾನ್ಸರಿನ ಔಷಧಿ ಕೊಟ್ಟ ಇಲಿಗಳದ್ದೇ. ಆ ಔಷಧಿ ಬೆಳೆಯುತ್ತಿರುವುದನ್ನು ಹಿಡಿಯುತ್ತದೆ. ಗಂಟು ಬೆಳೆಯುತ್ತದೆ, ಕೂದಲು ಬೆಳೆಯುತ್ತದೆ, ಅದಕ್ಕೇ ಎರಡೂ ಹೋಗುವುದು. ಬೆಳೆಯುತ್ತಿದ್ದ ಮೊಟ್ಟೆಗಳೆಲ್ಲ ಕುಸಿದು ಬಿದ್ದಿವೆ, ನಿಜ. ಆದರೆ ಅಂಚಿನಲ್ಲಿ ಮಲಗಿದ್ದವು ಮಲಗಿದ ಹಾಗೇ ಇವೆ. ಕಣ್ಣಾರೆ ನೋಡಿದ್ದೇನೆ. ಮಲಗಿದವರ ತಂಟೆಗೆ ಅದು ಹೋಗುವುದಿಲ್ಲ. ಹುಡುಗಿಗೆ ವಯಸ್ಸಿದೆ, ಮಲಗಿರುವವು ಬೇಕಾದಷ್ಟಿರುತ್ತವೆ. ಹೆದರಬೇಡ.

ಮೇಡಂ ಊರಲ್ಲಿಲ್ಲ, ಬಂದ ಮೇಲೆ ಅವರನ್ನೂ ಒಮ್ಮೆ ಕೇಳಬಹುದಿತ್ತು. ಆದರೆ ಕೇಳುವಂಥದ್ದೇನೂ ಇಲ್ಲ, ಅಷ್ಟು ಚೆನ್ನಾಗಿ ಕಾಣುತ್ತದೆ.

ನಿನ್ನ ತಂಗಿ

*

ಫೆಬ್ರವರಿ 15

ತಂಗೀ,

ನಿನ್ನ ಕಾಗದ ಓದಿದ ದಿನ ಸರಿಯಾಗಿ ಉಂಡೆ. ಮರುದಿನವೇ ಹೋಗಿ, ಚೂರುಪಾರು ತೆಗೆಯುವುದೇನೂ ಬೇಡ, ಔಷಧಿ ಶುರುಮಾಡಿ ಅಂದೆ. ಇನ್ನೊಮ್ಮೆ ಯೋಚಿಸಿ ಎಂದು ಡಾಕ್ಟರಮ್ಮ ಕಡ್ಡಿಯ ಮುಖವನ್ನೇ ನೋಡಿದರು. ಅವಳು ಹೊರಗೆ ಬೆಂಚಿನ ಹತ್ತಿರ ನನ್ನ ಜೊತೆ ಜಗಳಕ್ಕೆ ನಿಂತಳು. “ಹೊಟ್ಟೆ ನಂದು, ಬೇಡ ಅನ್ನೋದು ನೀನಾ?” ಅಂದಳು. ಚಿಕ್ಕಮ್ಮ ಯಂತ್ರದಲ್ಲಿ ಕಣ್ಣಾರೆ ನೋಡಿದ್ದಾಳೆ, ಔಷಧಿ ಮಲಗಿದ್ದನ್ನು ಮುಟ್ಟುವುದಿಲ್ಲವಂತೆ ಅಂದೆ. ಆಗ ತಣ್ಣಗಾದಳು. “ಚಿಕ್ಕಮ್ಮ ಹೇಳಿದ್ರೆ ಸರಿ ಬಿಡು” ಅಂದಳು, ಒಳಗೆ ಹೋಗಿ ತಾನೇ ಬೇಡ ಎಂದು ಬಂದಳು.

ಹೆತ್ತವಳ ಮಾತಿಗಿಲ್ಲದ ತೂಕ ನಿನ್ನ ಮಾತಿಗಿದೆ. ನಿನ್ನೆ ಮೊದಲ ಸಲದ ಔಷಧಿ ಆಯಿತು.

ಅಕ್ಕ

*

ಏಪ್ರಿಲ್ 2

ಅಕ್ಕಾ,

ಬರೆಯುವುದು ತಡವಾಯಿತು. ಕೆಲಸ ಹೆಚ್ಚು. ಫೆಬ್ರವರಿಯಲ್ಲಿ ನನಗೆ ಬಂದಿದ್ದವು ಔಷಧಿ ಕೊಟ್ಟ ಮರುದಿನವೇ ತೆಗೆದವು. ಈಗ ಎರಡನೆಯ ಗುಂಪಿನವು ಬರುತ್ತಿವೆ, ಔಷಧಿ ಕೊಟ್ಟು ವಾರಗಟ್ಟಲೆ ಬಿಟ್ಟು ತೆಗೆದವು. ಗಡ್ಡದವ ದಿನವಿಡೀ ಎಣಿಸುತ್ತಾ ಕೂತಿರುತ್ತಾನೆ. ಈಚೆಗೆ ಅವನ ಎಣಿಕೆ ಬೇಗ ಮುಗಿಯುತ್ತದೆ.

ನನ್ನ ಕೋಣೆಯ ನಲ್ಲಿ ಕೆಟ್ಟಿದೆ. ಮನೆಯ ಒಡತಿ ನಾಳೆ ಮಾಡಿಸುತ್ತೇನೆ ಅನ್ನುತ್ತಾಳೆ, ಅವಳ ನಾಳೆ ಬರುವುದಿಲ್ಲ. ಬಕೆಟ್ ಇಟ್ಟಿದ್ದೇನೆ. ಬೆಳಿಗ್ಗೆ ಅದೇ ನೀರಿನಲ್ಲಿ ನೆಲ ಒರೆಸುತ್ತೇನೆ, ಹಾಗಾಗಿ ನೆಲ ಬಹಳ ಚೊಕ್ಕಟವಾಗಿದೆ. ಎದುರಿನ ಮೆಟ್ಟಿಲಿನ ಬೆಕ್ಕು ಮರಿ ಹಾಕಿದೆ.

ಕಡ್ಡಿಗೆ ಇನ್ನೆಷ್ಟು ಸಲದ ಔಷಧಿ ಉಳಿದಿದೆ? ಆ ಚೂರು ತೆಗೆಯುವ ವಿಷಯವನ್ನು ಡಾಕ್ಟರಮ್ಮ ಮತ್ತೆ ಎತ್ತಿದರೇ? ಎತ್ತಿದರೆ ಅವರು ಹೇಳಿದಂತೆಯೇ ಮಾಡಬಹುದು, ನನ್ನ ಮಾತನ್ನು ಅಷ್ಟೊಂದು ಹಿಡಿದುಕೊಳ್ಳಬೇಡ. ಸುಮ್ಮನೆ ಬರೆದೆ.

ತಂಗಿ

*

ಮೇ 20

ತಂಗೀ,

ನಿನ್ನ ಕಾಗದದಲ್ಲಿ ಅರ್ಧ ನಲ್ಲಿ, ಕಾಲು ಬೆಕ್ಕು. ಉಳಿದ ಕಾಲು ಏನೆಂದು ನನಗೆ ಅರ್ಥವಾಗಲಿಲ್ಲ. ನಿನ್ನ ಮಾತನ್ನು ಹಿಡಿದುಕೊಳ್ಳಬೇಡ ಎನ್ನುತ್ತೀಯಲ್ಲ, ಹೊಗಳಿದರೆ ಮೈ ಹಿಡಿ ಮಾಡಿಕೊಳ್ಳುವ ಬುದ್ಧಿ ನಿನಗೆ ಚಿಕ್ಕಂದಿನಿಂದ.

ಡಾಕ್ಟರಮ್ಮ ಒಂದು ಸಲ ಎತ್ತಿದ್ದರು. ನನ್ನ ತಂಗಿಯೇ ಆ ಕೆಲಸದಲ್ಲಿದ್ದಾಳೆ ಅಂದೆ. ಮತ್ತೆ ಕೇಳಲಿಲ್ಲ.

ಕಡ್ಡಿಯ ತಲೆ ಈಗ ಬೋಳು. ಅಂಗಡಿಗೆ ಹೋಗುವುದನ್ನು ಬಿಟ್ಟಿಲ್ಲ. ಕನ್ನಡಕ ಕೊಳ್ಳಲು ಬಂದ ಒಬ್ಬ ಮುದುಕ, ಏನಮ್ಮಾ ಇದು ಹೊಸ ಫ್ಯಾಷನ್ನೇ ಎಂದನಂತೆ. “ಹೌದು ತಾತ, ನಿಮ್ಮನ್ನ ನೋಡಿ ಕಲಿತದ್ದು” ಎಂದಳಂತೆ. ಅವನದೂ ಬೋಳೇ. ಔಷಧಿಯ ಮೂರು ದಿನ ಮಾತ್ರ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ, ಆಗ ನಾನು ಮಾತಾಡಿಸುವುದಿಲ್ಲ. ಹುಡುಗ ದಿನಾ ಬರುತ್ತಾನೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೇ ಅವಳು ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಾಳೆ, ಅವನು ಒಳಗೆ ಬಂದ ಕೂಡಲೇ ಅದನ್ನು ಬಿಚ್ಚು ಅನ್ನುತ್ತಾನೆ. ಒಳ್ಳೆಯವನೇ ಇರಬೇಕು.

ಗಂಟು ಕರಗಿದೆ. ಕೈಯಿಟ್ಟರೆ ಸಿಗುವುದಿಲ್ಲ.

ಅಕ್ಕ

*

ಸೆಪ್ಟೆಂಬರ್ 9

ತಂಗೀ,

ಔಷಧಿ ಮುಗಿಯಿತು. ಎಲ್ಲ ಪರೀಕ್ಷೆಯೂ ಚೊಕ್ಕ. ಅದಕ್ಕಿಂತ ದೊಡ್ಡ ಸುದ್ದಿ, ನಾಲ್ಕು ತಿಂಗಳಿನಿಂದ ನಿಂತಿದ್ದ ಮುಟ್ಟು ಬಂದಿದೆ. ಸ್ನಾನದ ಮನೆಯಿಂದ ಕೂಗಿ ಹೇಳಿದಳು, ಪಕ್ಕದ ಮನೆಯವರಿಗೂ ಕೇಳಿಸಿರಬೇಕು. “ಚಿಕ್ಕಮ್ಮಂಗೆ ಹೇಳು, ಮಲಗಿದ್ದೋರು ಎದ್ರು ಅಂತ” ಎಂದಳು. ನೀನು ಬರೆದದ್ದು ಅಕ್ಷರಕ್ಕೆ ಅಕ್ಷರ ನಿಜವಾಯಿತು. ಆ ಚೂರು ತೆಗೆಸಿದ್ದರೆ ಸುಮ್ಮನೆ ಒಂದು ಗಾಯ ಉಳಿಯುತ್ತಿತ್ತು.

ಹುಡುಗನ ತಾಯಿ ಮುಂದಿನ ವಾರ ಮಾತುಕತೆಗೆ ಬರುತ್ತಾಳೆ. ಅವಳಿಗಾಗಿ ಪರದೆ ಬದಲಿಸುತ್ತಿದ್ದೇನೆ, ಗಿರಾಕಿಗಳ ಬಟ್ಟೆ ಹಾಗೇ ಬಿದ್ದಿದೆ. ಬಿದ್ದಿರಲಿ.

ಅಕ್ಕ

*

ಸೆಪ್ಟೆಂಬರ್ 16

ಅಕ್ಕಾ,

ಸಂತೋಷವಾಯಿತು. ಈ ಕಾಗದವನ್ನು ಕೂತು, ನಿಧಾನವಾಗಿ ಓದು.

ಕಡ್ಡಿಯನ್ನು ಈ ತಿಂಗಳಲ್ಲೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗು. ಅಂಡಾಶಯದಲ್ಲಿ ಎಷ್ಟು ಉಳಿದಿರಬಹುದೆಂದು ರಕ್ತ ನೋಡಿ ಅಂದಾಜು ಹೇಳುತ್ತಾರೆ. ಉಳಿದದ್ದನ್ನು ಈಗಲಾದರೂ ತೆಗೆದಿಡಲು ಆಗುತ್ತದೆಯೇ ಎಂದು ಕೇಳು. ಮಾತುಕತೆ ಮುಗಿಯಲಿ, ಮದುವೆ ಆಗಲಿ ಎಂದು ತಳ್ಳಬೇಡ.

ಫೆಬ್ರವರಿಯಲ್ಲಿ ನಾನು ಬರೆದದ್ದು ಸುಳ್ಳಲ್ಲ, ಅರ್ಧ. ನಾನು ಆಗ ನೋಡಿದ್ದು ಮರುದಿನದ ಇಲಿಗಳನ್ನು ಮಾತ್ರ. ಬೆಳೆಯುತ್ತಿರುವ ಮೊಟ್ಟೆಗಳು ಮಲಗಿದವುಗಳನ್ನು ತಡೆಹಿಡಿದಿರುತ್ತವಂತೆ. ಈಗಲೇ ಏಳಬೇಡಿ ಎಂದು ಒಂದು ರಸ ಬಿಡುತ್ತಿರುತ್ತವೆ. ಮನೆಯಲ್ಲಿ ದೊಡ್ಡವರು ಎದ್ದು ಓಡಾಡುತ್ತಿದ್ದರೆ ಚಿಕ್ಕವರು ನಿಶ್ಚಿಂತೆಯಿಂದ ಮಲಗಿರುವ ಹಾಗೆ. ಔಷಧಿ ಆ ದೊಡ್ಡವನ್ನು ಕೊಂದುಹಾಕುತ್ತದೆ. ತಡೆಯುವವರಿಲ್ಲದೆ ಮಲಗಿದ್ದವು ಗುಂಪಾಗಿ ಏಳುತ್ತವೆ. ಎದ್ದ ಮೇಲೆ ಬೆಳೆಯಲೇಬೇಕಲ್ಲ, ಮುಂದಿನ ಸಲದ ಔಷಧಿಗೆ ಅವೂ ಸಿಗುತ್ತವೆ. ಆಮೇಲೆ ಇನ್ನಷ್ಟು ಏಳುತ್ತವೆ. ಕೆಲವು ಕಾಲ ಎಲ್ಲ ಸರಿಹೋದಂತೆಯೇ ಕಾಣುತ್ತದೆ. ಮುಟ್ಟು ಬಂದಿತೆಂದರೆ ಇನ್ನೂ ಸ್ವಲ್ಪ ಇದೆ ಎಂದು ಅರ್ಥ. ಎಷ್ಟಿದೆ, ಎಷ್ಟು ದಿನಕ್ಕೆ ಎಂಬುದನ್ನು ಅದು ಹೇಳುವುದಿಲ್ಲ.

ಇದು ಇಲಿಯಲ್ಲಿ ಕಂಡದ್ದು. ಮನುಷ್ಯರಲ್ಲಿ ಎಲ್ಲರಿಗೂ ಹೀಗಾಗುವುದಿಲ್ಲ, ಕಡ್ಡಿಗೆ ಆಗದೇ ಇರಬಹುದು. ಗಾಬರಿಯಾಗಬೇಡ. ಆದರೆ ಹೋಗು.

ತಂಗಿ

*

ಸೆಪ್ಟೆಂಬರ್ 22

ತಂಗೀ,

ಫೆಬ್ರವರಿಯಲ್ಲಿ ಇಲಿ ಮಲಗಿವೆ ಎಂದು ಹೇಳಿತು. ಸೆಪ್ಟೆಂಬರಿನಲ್ಲಿ ಎದ್ದಿವೆ ಎಂದು ಹೇಳುತ್ತಿದೆ. ನಿನ್ನ ಇಲಿಗೆ ನಾಲಗೆ ಒಂದೋ ಎರಡೋ?

ಹುಡುಗನ ತಾಯಿ ಬಂದಿದ್ದಳು. ಕಾಯಿಲೆಯ ವಿಷಯ ಗೊತ್ತಿದ್ದೂ ಒಪ್ಪಿದ್ದಾಳೆ. ಮೊಮ್ಮಕ್ಕಳ ಮಾತು ಅವಳೇ ಎತ್ತಿದಳು, ಏನೂ ತೊಂದರೆಯಿಲ್ಲ, ಎಲ್ಲ ಸರಿಹೋಗಿದೆ ಎಂದು ನಾನು ಧೈರ್ಯವಾಗಿ ಹೇಳಿದೆ. ಯಾರ ಮಾತು ನಂಬಿ ಹೇಳಿದೆ? ಈಗ ಅದೇ ಮಗಳನ್ನು ಮತ್ತೆ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸು ಎನ್ನುತ್ತೀಯ. ಆರು ತಿಂಗಳು ಸೂಜಿ ಚುಚ್ಚಿಸಿಕೊಂಡವಳು ಈಗ ತಾನೇ ಹುಬ್ಬು ಬಂದಿತೆಂದು ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ. ಅವಳಿಗೆ ನಾನು ಏನೂ ಹೇಳಿಲ್ಲ. ಹೇಳುವುದೂ ಇಲ್ಲ. ನೀನೂ ಹೇಳಕೂಡದು.

ಹೆರದವಳಿಗೆ ಹೆತ್ತವಳ ಸಂಕಟ ತಿಳಿಯದು ಎನ್ನುತ್ತಾರೆ. ನೀನು ಹೆತ್ತವಳೇ, ಆದರೆ ಸಾಕಿದವಳಲ್ಲ. ನನ್ನ ಮನೆಯಲ್ಲಿ ಒಂದು ದೀಪ ಹತ್ತಿದರೆ ನಿನ್ನ ಹೊಟ್ಟೆ ಏಕೆ ಉರಿಯಬೇಕು?

ಇದೆಲ್ಲ ನಿನಗೆ ಯಾವಾಗ ಗೊತ್ತಾಯಿತೆಂದು ನೀನು ಬರೆದಿಲ್ಲ. ನಾನು ಕೇಳುವುದೂ ಇಲ್ಲ.

ಅಕ್ಕ

*

ಸೆಪ್ಟೆಂಬರ್ 30

ಅಕ್ಕಾ,

ಕಾಗದ ತಲುಪಿತು. ನಿನಗೆ ತಿಳಿದಂತೆ ಮಾಡು. ಇನ್ನು ಆ ವಿಷಯ ಎತ್ತುವುದಿಲ್ಲ.

ತಂಗಿ

*

ಜನವರಿ 12

ತಂಗೀ,

ಮೂರು ತಿಂಗಳಿಗೂ ಹೆಚ್ಚಾಯಿತು, ನಿನ್ನಿಂದ ಒಂದು ಸಾಲಿಲ್ಲ. ಮುನಿಸೇ? ಸಿಟ್ಟಿನಲ್ಲಿ ಏನೋ ಬರೆದಿದ್ದೆ. ಸಿಟ್ಟಿನ ಬಾಯಿಗೆ ಬೀಗ ಹಾಕುವುದನ್ನು ನಮ್ಮ ಅಮ್ಮ ನನಗೆ ಕಲಿಸಲಿಲ್ಲ, ನಿನಗೆ ಮಾತ್ರ ಕಲಿಸಿದಳು.

ಮದುವೆ ಮೇ ತಿಂಗಳಿಗೆ ಎಂದಾಗಿದೆ. ಕಡ್ಡಿಗೆ ಈಚೆಗೆ ಒಂದು ಹೊಸ ಚಾಳಿ. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿ, ಮುಖ ಕೆಂಪು, ಬೆವರು. ಈ ಚಳಿಯಲ್ಲಿ ಕಿಟಕಿ ತೆರೆದು ನಿಲ್ಲುತ್ತಾಳೆ. ನನಗೆ ನಗು ಬರುತ್ತದೆ. ಮದುವೆ ಹತ್ತಿರವಾದ ಹುಡುಗಿಯರಿಗೆ ಹೀಗೇ, ನೀನೂ ಹೀಗೇ ಆಡಿದ್ದೆ.

ಅಕ್ಕ

*

ಜನವರಿ 20

ಅಕ್ಕಾ,

ಮುನಿಸೇನಿಲ್ಲ. ನಾನು ಬೆವರಿದ್ದು ಹೆದರಿಕೆಗೆ. ಕಡ್ಡಿಯ ಬೆವರನ್ನು ಡಾಕ್ಟರಮ್ಮನಿಗೆ ಹೇಳು.

ಮದುವೆಗೆ ಅವಳಿಗೆ ಏನು ಬೇಕೆಂದು ಕೇಳಿ ತಿಳಿಸು.

ತಂಗಿ

*

ಏಪ್ರಿಲ್ 11

ತಂಗೀ,

ಎರಡು ತಿಂಗಳಿನಿಂದ ಮುಟ್ಟಿಲ್ಲ. ಬಸುರಿಯೇನೋ ಎಂದು ನಾನು ಹೆದರಿ ಬೈದೆ. ಬೈಸಿಕೊಂಡವಳು ತಾನೇ ಡಾಕ್ಟರಮ್ಮನ ಹತ್ತಿರ ಹೋಗಿ ಬಂದಳು. ಬಸುರಿಯಲ್ಲ. ಬರಿದಾಗಿದೆಯಂತೆ. ಐವತ್ತು ದಾಟಿದ ಹೆಂಗಸಿನ ಅಂಡಾಶಯದ ಹಾಗೆ. ಇನ್ನು ಏನೂ ತೆಗೆಯುವಂತಿಲ್ಲ, ಇಡುವಂತಿಲ್ಲ. ಹೋದ ಸೆಪ್ಟೆಂಬರಿನಲ್ಲಿ ಬಂದಿದ್ದರೆ ಒಂದು ಪ್ರಯತ್ನ ಮಾಡಬಹುದಿತ್ತು, ಕೈಗೂಡುತ್ತಿತ್ತೆಂದು ಹೇಳಲಾರೆ ಎಂದರಂತೆ. ಆ ತಿಂಗಳ ಹೆಸರನ್ನು ಅವರೇ ಹೇಳಿದ್ದು, ನಾನಲ್ಲ.

ಹುಡುಗನಿಗೆ ಅವಳೇ ಹೇಳಿದಳು. ಮಕ್ಕಳಿಲ್ಲದಿದ್ದರೂ ಪರವಾಗಿಲ್ಲ ಎಂದನಂತೆ. ಅದನ್ನು ಕೇಳಿ ಅವಳಿಗೆ ಇನ್ನೂ ಸಿಟ್ಟು. “ಬೇಡ ಅಂದಿದ್ರೆ ಬೈದು ಕಳಿಸ್ಬಹುದಿತ್ತು” ಅನ್ನುತ್ತಾಳೆ. ಮದುವೆಯನ್ನು ಸದ್ಯಕ್ಕೆ ನಿಲ್ಲಿಸಿದ್ದಾಳೆ. ಅವನು ಬಂದರೆ ಹೊರಗೇ ನಿಲ್ಲಿಸಿ ಮಾತಾಡುತ್ತಾಳೆ.

ಮೊನ್ನೆ ಊಟದ ತಟ್ಟೆಯ ಮುಂದೆ ಕೂತು ನನ್ನನ್ನು ಕೇಳಿದಳು, ಹೀಗಾಗಬಹುದು ಎಂದು ಯಾರಿಗೂ ಗೊತ್ತಿರಲಿಲ್ಲವೇ, ಚಿಕ್ಕಮ್ಮನಿಗೂ ಗೊತ್ತಿರಲಿಲ್ಲವೇ ಎಂದು. ಚಿಕ್ಕಮ್ಮ ಮೊದಲು ಏನೂ ಆಗುವುದಿಲ್ಲ ಅಂದಳು, ಆಮೇಲೆ ಏನೂ ಬರೆಯಲಿಲ್ಲ ಅಂದೆ. ನನ್ನ ಬಾಯಿಂದ ಅದೇ ಬಂತು. ನಿನ್ನ ಸೆಪ್ಟೆಂಬರಿನ ಕಾಗದವನ್ನು ಆಗಲೇ ಹರಿದು ಅಂಗಡಿಯ ಚಿಂದಿಯ ಚೀಲಕ್ಕೆ ಹಾಕಿದ್ದೆ.

ತಂಗೀ, ಅವಳು ನಿನ್ನನ್ನು ಕೇಳಬಹುದು. ಕೇಳಿದರೆ ನಾನು ಹೇಳಿದ್ದನ್ನೇ ಹೇಳು. ನೀನು ದೂರದಲ್ಲಿದ್ದೀಯ. ಅವಳು ನಿನ್ನ ಮೇಲೆ ಸಿಟ್ಟಾದರೆ ಕಾಗದ ಬರೆಯುವುದಿಲ್ಲ, ಅಷ್ಟೇ. ನನ್ನ ಮೇಲೆ ಸಿಟ್ಟಾದರೆ ನನ್ನ ಎದುರಿನ ಮಂಚದಲ್ಲೇ ಮಲಗಿ ಸಿಟ್ಟಾಗಿರುತ್ತಾಳೆ. ಅವಳು ಬದುಕಿದ್ದಾಳೆ, ಅದನ್ನಾದರೂ ನಾನು ನೋಡಿಕೊಂಡಿರಬೇಕು. ನಿನಗೆ ಕಳೆದುಕೊಳ್ಳುವುದಕ್ಕೆ ಏನಿದೆ?

ಈ ಕೊನೆಯ ಮಾತನ್ನು ಹೊಡೆದುಹಾಕಬೇಕೆಂದುಕೊಂಡೆ. ಹೊಡೆದರೂ ಕಾಣುತ್ತದೆ ಎಂದು ಬಿಟ್ಟೆ.

ಅಕ್ಕ

*

ಏಪ್ರಿಲ್ 26

ಅಕ್ಕಾ,

ನಿನ್ನ ಕಾಗದ ಬಂದ ಹತ್ತನೆಯ ದಿನ ಕಡ್ಡಿಯೇ ಬಂದಳು. ನಿನಗೆ ಗೆಳತಿಯ ಮನೆ ಎಂದು ಹೇಳಿ ಬಂದಿದ್ದಳಂತೆ. ಮಧ್ಯಾಹ್ನ, ನಾನು ಯಂತ್ರದ ಮುಂದಿದ್ದೆ. ಬಾಗಿಲಲ್ಲಿ ನಿಂತವಳು ಯಾರೋ ಹೊಸ ವಿದ್ಯಾರ್ಥಿನಿ ಎಂದುಕೊಂಡೆ. ಕೂದಲು ಬೆಳೆದಿದೆ, ಗುಂಗುರಾಗಿದೆ. ನೀನು ಬರೆದಿರಲಿಲ್ಲ.

ಕುಶಲ ಕೇಳಲಿಲ್ಲ. ನನಗೇನಾಗಿದೆ ಅಂತ ತೋರಿಸು ಎಂದಳು. ಮೇಡಂ ಇರಲಿಲ್ಲ, ಗಡ್ಡದವ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟು ಹೊರಗೆ ಹೋದ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳೇ ಎಡಗಡೆಯ ಗಾಜು ಕೊಳೆಯಾಗಿದೆ ಎಂದು ತನ್ನ ಚೀಲದಿಂದ ಬಟ್ಟೆ ತೆಗೆದು ಒರೆಸಿದಳು, ಎರಡು ಕಣ್ಣಿನ ಅಂತರ ತಾನೇ ಸರಿಮಾಡಿಕೊಂಡಳು. ಅವಳ ಕೆಲಸವಲ್ಲವೇ.

ಮೊದಲು ಔಷಧಿ ಕೊಡದ ಇಲಿಯದನ್ನು ಇಟ್ಟೆ. ಅಂಚಿನಲ್ಲಿ ಮಲಗಿದ್ದವನ್ನು ತೋರಿಸಿದೆ. ಏಳುವುದು ಹೇಗೆ, ಸುತ್ತಲಿನ ಕೋಶಗಳು ಹೇಗೆ ಉಬ್ಬುತ್ತವೆ ಎಂದು ಒಂದೊಂದಾಗಿ ಹೇಳಿದೆ. ಬಹಳ ಹೊತ್ತು ನೋಡಿದಳು. ಚೆನ್ನಾಗಿದೆ ಎಂದಳು. ಆಮೇಲೆ ಇನ್ನೊಂದು ಇಟ್ಟೆ. ಅದರಲ್ಲಿ ತೋರಿಸುವುದಕ್ಕೇನಿದೆ. ಗುಲಾಬಿ ಬಣ್ಣದ ನಾರು, ನಡುನಡುವೆ ಗಾಯ ಮಾಗಿದಂಥ ಕಲೆ. ಪಟ್ಟಿಯನ್ನು ತಾನೇ ಅತ್ತ ಇತ್ತ ಸರಿಸಿ ಮೂಲೆ ಮೂಲೆ ಹುಡುಕಿದಳು.

“ಇದನ್ನ ನೀನು ಮೊದಲು ನೋಡಿದ್ದು ಯಾವಾಗ?” ಎಂದು ಕಣ್ಣು ತೆಗೆಯದೆಯೇ ಕೇಳಿದಳು.

ಹೋದ ವರ್ಷ ಮಾರ್ಚಿನಲ್ಲಿ ಎಂದೆ. ನಿಜ ಅಕ್ಕ. ಗಡ್ಡದವ ಒಂದು ಪಟ್ಟಿ ನೋಡಿ, ಇದರಲ್ಲಿ ಏನೂ ಇಲ್ಲ, ಬೇರೆ ಕೊಡಿ ಎಂದ. ಬೇರೆಯದರಲ್ಲೂ ಇರಲಿಲ್ಲ. ಆವತ್ತು ಮನೆಗೆ ಬಂದು ನಿನಗೆ ಬರೆಯಲು ಕೂತೆ. ನನ್ನನ್ನು ಒಮ್ಮೆ ಕೇಳಿದ್ದೀಯ, ಆ ಒಂದಕ್ಕೂ ತಪ್ಪು ಹೇಳಿದೆ ಎಂದು ಬರೆಯಲು ಕೈ ಏಳಲಿಲ್ಲ. ಡಾಕ್ಟರಮ್ಮ ಹೇಳಿಯೇ ಹೇಳುತ್ತಾರೆ ಎಂದುಕೊಂಡೆ. ನಲ್ಲಿಯ ವಿಷಯ ಬರೆದೆ.

“ಆಗ ನಂಗೆ ಎರಡನೇ ಸಲದ್ದು ನಡೀತಿತ್ತು” ಎಂದಳು. ಹೌದು ಎಂದೆ. ಸೆಪ್ಟೆಂಬರಿನಲ್ಲಿ ನನಗೆ ಮುಟ್ಟು ಬಂದಾಗಲೂ ಗೊತ್ತಿತ್ತಲ್ಲವೇ ಎಂದಳು. ಗೊತ್ತಿತ್ತು ಎಂದೆ.

“ಒಂದು ಕಾಗದ ಬರೀಬೇಕು ಅನ್ನಿಸಲಿಲ್ವಾ?”

ಬರೆದಿದ್ದೆ ಎನ್ನಲು ಬಾಯಿ ತೆರೆದೆ. ನಿನ್ನ ಈ ತಿಂಗಳ ಕಾಗದ ಕೋಟಿನ ಜೇಬಿನಲ್ಲೇ ಇತ್ತು, ತೆಗೆದು ಕೊಟ್ಟಿದ್ದರೂ ಸಾಕಿತ್ತು. ಅನ್ನಿಸಿತ್ತು ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲ.

ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ನನಗೆ ಯಾವತ್ತೂ ನೀನು ಎನ್ನುವವಳು, ಹೊರಡುವಾಗ ಹೇಳಿದ್ದು ಹೀಗೆ. “ನಿಮಗಿಂತ ಅಮ್ಮನೇ ವಾಸಿ ಚಿಕ್ಕಮ್ಮ. ಅವಳು ಮಾಡಿದ್ದೆಲ್ಲ ಗೊತ್ತಿಲ್ಲದೆ ಮಾಡಿದ್ಲು.”

ಬಸ್ ನಿಲ್ದಾಣದವರೆಗೆ ಬರುತ್ತೇನೆ ಎಂದೆ. ಬೇಡ ಎಂದಳು. ಕಿಟಕಿಯಿಂದ ನೋಡಿದೆ, ರಸ್ತೆ ದಾಟುವಾಗ ಎರಡೂ ಕಡೆ ನೋಡಿ ದಾಟಿದಳು. ಅಷ್ಟು ಸಮಾಧಾನ.

ನೀನು ಹೊಟ್ಟೆ ಉರಿ ಎಂದು ಬರೆದದ್ದನ್ನು ಎಷ್ಟೋ ಸಲ ಓದಿಕೊಂಡಿದ್ದೇನೆ. ಅದು ಪೂರಾ ಸುಳ್ಳಾಗಿದ್ದರೆ ಆ ಕಾಗದ ಓದಿದ ದಿನವೇ ನಾನು ಬಸ್ಸು ಹತ್ತಿ ಬಂದು, ನಿನ್ನನ್ನು ದಾಟಿಕೊಂಡು ಹೋಗಿ ಅವಳಿಗೆ ಹೇಳುತ್ತಿದ್ದೆ. ಸರಿ ಎಂದು ಎರಡು ಸಾಲು ಬರೆದು ಸುಮ್ಮನಾಗುತ್ತಿರಲಿಲ್ಲ. ಹಾಗಾಗಿ ನಿನಗೋಸ್ಕರ ಸುಳ್ಳು ಹೇಳಿದೆ ಎಂಬ ಋಣವೇನೂ ನಿನ್ನ ಮೇಲಿಲ್ಲ. ನನ್ನ ಪಾಲಿನದನ್ನು ನಾನು ತೆಗೆದುಕೊಂಡೆ. ನಿನ್ನದೂ ಅದರ ಜೊತೆ ಬಂತು.

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅವಳು ಮನೆಯಲ್ಲಿರುತ್ತಾಳೆ. ನಿನ್ನ ಹತ್ತಿರ ಬಂದು ಕೂತರೆ ಕೂರಲು ಬಿಡು. ಯಾವತ್ತೋ ಒಂದು ದಿನ ಮನಸ್ಸು ತಡೆಯಲಾರದೆ ಎಲ್ಲವನ್ನೂ ಹೇಳಿ ಹಗುರಾಗಬೇಕೆಂದು ನಿನಗೆ ಅನ್ನಿಸುತ್ತದೆ. ನಿನ್ನನ್ನು ನಾನು ಬಲ್ಲೆ. ಹೇಳಬೇಡ. ನಿನಗೆ ಹಗುರಾಗುತ್ತದೆ, ಅವಳಿಗೆ ಯಾರೂ ಇಲ್ಲದಂತಾಗುತ್ತದೆ.

ತಂಗಿ